ಆಡೂರಿನ ಹೊಲಕ್ಕೂ ಹಾವೇರಿಯ ಸಮಿತಿಗೂ ನಡುವೆ

ಕೂಲಿಗೆ ಹೋಗುವ ಹೆಂಗಸರನ್ನು ಹೊಲಕ್ಕೆ ಮುಟ್ಟಿಸುವ ಟ್ರ್ಯಾಕ್ಟರಿನ ಟ್ರೇಲರು ಕೂಡ ಕಾನೂನಿನ ಪ್ರಕಾರ ಕೆಲಸದ ಸ್ಥಳವೇ. ಹಾನಗಲ್ ತಾಲ್ಲೂಕಿನ ಆಡೂರಿನಂಥ ಊರಿನಲ್ಲಿ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಡುವ ಹೆಣ್ಣಾಳಿಗೆ ಈ ಮಾತು ಹೇಳಿದರೆ ಅವಳು ನಂಬಲಿಕ್ಕಿಲ್ಲ. ಓದಿದವರೂ ನಂಬುವುದು ಕಷ್ಟ. ಕೆಲಸದ ಸ್ಥಳದಲ್ಲಿ ಕಿರುಕುಳ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಗಾಜಿನ ಕಟ್ಟಡ, ಕಂಪ್ಯೂಟರು, ಮ್ಯಾನೇಜರು. 2013ರಲ್ಲಿ ಸಂಸತ್ತು ಮಾಡಿದ, ಆ ವರ್ಷದ ಡಿಸೆಂಬರ್ 9ರಿಂದ ಜಾರಿಯಲ್ಲಿರುವ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅಷ್ಟು ಚಿಕ್ಕದಾಗಿ ಯೋಚಿಸಿಲ್ಲ. ದಿನಗೂಲಿಯವಳು, ಹಂಗಾಮಿಗೆ ಬಂದವಳು, ಗುತ್ತಿಗೆದಾರನ ಮೂಲಕ ಬಂದವಳು, ಮನೆಗೆಲಸದವಳು, ಸಂಬಳವಿಲ್ಲದೆ ಸೇವೆಯ ಹೆಸರಿನಲ್ಲಿ ದುಡಿಯುವವಳು, ಎಲ್ಲರೂ ಅದರ ಲೆಕ್ಕದಲ್ಲಿ ಉದ್ಯೋಗಿಗಳೇ. ಕೆಲಸದ ನಿಮಿತ್ತ ಅವಳು ಕಾಲಿಟ್ಟ ಜಾಗ, ಕೆಲಸ ಕೊಟ್ಟವರು ಕಳಿಸಿದ ವಾಹನ, ಒಬ್ಬರ ವಾಸದ ಮನೆ, ಇವೆಲ್ಲವೂ ಕೆಲಸದ ಸ್ಥಳಗಳೇ.

ಬರವಣಿಗೆಯಲ್ಲಿ ಇಷ್ಟು ಧಾರಾಳವಾದ ಕಾಯ್ದೆ ನಮ್ಮ ಹೊಲಗಳಿಗೆ ಬಂದು ಮುಟ್ಟಿಲ್ಲ. ಹಳ್ಳಿಯ ಹೆಂಗಸರಿಗೆ ತಿಳಿವಳಿಕೆ ಇಲ್ಲ, ಅರಿವು ಮೂಡಿಸಬೇಕು, ಶಿಬಿರ ಮಾಡಬೇಕು ಎಂದು ಹೇಳಿ ಅಧಿಕಾರಿಗಳು ಸುಮ್ಮನಾಗುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಳೆ ತೆಗೆಯುವಾಗ ಹಿಂದಿನಿಂದ ಬಂದು ಮೈ ಮುಟ್ಟಿದವನು ಮಾಡಿದ್ದು ತಪ್ಪು ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳಿಗೆ ಗೊತ್ತಿಲ್ಲದಿರುವುದು ಎರಡೇ ಸಂಗತಿ: ಇದನ್ನು ಯಾರ ಮುಂದೆ ಹೇಳಬೇಕು, ಹೇಳಿದ ಮರುದಿನ ಯಾರ ಹೊಲಕ್ಕೆ ಹೋಗಬೇಕು. ಈ ಎರಡಕ್ಕೂ ಉತ್ತರ ಕೊಡಬೇಕಾದವರು ಅವಳಲ್ಲ. ದೂರು ತೆಗೆದುಕೊಳ್ಳುವ ಮೊದಲ ಕೈ ಊರಿನಿಂದ ನಡೆದು ಹೋಗುವಷ್ಟು ಹತ್ತಿರ ಇಲ್ಲದಿದ್ದರೆ ಆ ಹಕ್ಕು ಅವಳ ಪಾಲಿಗೆ ಇಲ್ಲವೇ ಇಲ್ಲ. ಆ ಕೈಯನ್ನು ಹತ್ತಿರ ತರುವ ದಾರಿ ಕಾಯ್ದೆಯೊಳಗೇ ಇದೆ. ನಮ್ಮ ಆಡಳಿತ ಅದನ್ನು ಬಳಸಬೇಕು ಎಂಬುದಷ್ಟೇ ನನ್ನ ವಾದ.

ಈ ಕಾನೂನು ಹುಟ್ಟಿದ್ದು ಎಲ್ಲಿ ಎಂಬುದನ್ನು ಮೊದಲು ನೆನೆಯಬೇಕು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಕುಂಬಾರ ಜಾತಿಯ ಭಂವರಿ ದೇವಿ ಎಂಬ ಹೆಣ್ಣುಮಗಳು ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್' ಆಗಿ ಕೆಲಸ ಮಾಡುತ್ತಿದ್ದಳು. ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಹಾಗೆ ಅವಳಿಗೂ ಸಂಬಳವಿರಲಿಲ್ಲ, ಗೌರವಧನ ಮಾತ್ರ. ಮೇಲ್ಜಾತಿಯ ಮನೆಯೊಂದರ ಬಾಲ್ಯವಿವಾಹ ತಡೆಯಲು ಹೋದಳು. ಅದು ಅವಳಿಗೆ ಒಪ್ಪಿಸಿದ ಕೆಲಸವೇ ಆಗಿತ್ತು. ಅದಕ್ಕೆ ಸೇಡಾಗಿ 1992ರ ಸೆಪ್ಟೆಂಬರ್ 22ರಂದು ಹೊಲದಲ್ಲಿ, ಗಂಡನ ಎದುರಿನಲ್ಲೇ, ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಣ್ಣನ್ನು ಮುಟ್ಟಲಾರರು ಎಂಬಂಥ ತರ್ಕವೂ ಅಲ್ಲಿ ನಡೆಯಿತು. ಸರ್ಕಾರದ ಕೆಲಸ ಮಾಡುತ್ತಿದ್ದವಳಿಗೆ ಹೀಗಾದರೂ ಕೆಲಸ ಕೊಟ್ಟ ಸರ್ಕಾರದ ಹೊಣೆ ಏನು ಎಂದು ಹೇಳುವ ಕಾನೂನೇ ಆಗ ಇರಲಿಲ್ಲ. 'ವಿಶಾಖಾ' ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ತೀರ್ಪು ಕೊಟ್ಟಿತು: ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಎಂದರೆ ಸಂವಿಧಾನ ಕೊಟ್ಟ ಸಮಾನತೆ, ಬದುಕು, ಉದ್ಯೋಗದ ಸ್ವಾತಂತ್ರ್ಯ ಇವೆಲ್ಲದರ ಉಲ್ಲಂಘನೆ, ಅದನ್ನು ತಡೆಯುವುದು ಕೆಲಸ ಕೊಟ್ಟವರ ಹೊಣೆ.

ಆ ತೀರ್ಪು ಬಂದು ಹನ್ನೊಂದು ದಿನಕ್ಕೆ, ಆಗಸ್ಟ್ 24ರಂದು, ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿತು. ಜನರಿಗೆ ಆಡಳಿತ ಹತ್ತಿರವಾಗಲಿ ಎಂಬುದೇ ಹೊಸ ಜಿಲ್ಲೆಯ ಉದ್ದೇಶ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಜನ ಕಚೇರಿ ಕೆಲಸಕ್ಕೆ ಧಾರವಾಡದವರೆಗೆ ಹೋಗುವುದು ತಪ್ಪಿತು. ಆದರೆ ಹಳ್ಳಿಯ ದುಡಿಯುವ ಹೆಣ್ಣೊಬ್ಬಳ ಸಂಕಟದಿಂದ ಹುಟ್ಟಿದ ಕಾನೂನು ಇಷ್ಟು ವರ್ಷವಾದರೂ ಚೆನ್ನಾಗಿ ಕೆಲಸ ಮಾಡುತ್ತಿರುವುದು ಶಹರದ ದೊಡ್ಡ ಕಂಪನಿಗಳಲ್ಲಿ. ಅಲ್ಲಿ ಆಂತರಿಕ ಸಮಿತಿ ಇದೆ, ತರಬೇತಿ ಇದೆ, ಗೋಡೆಯ ಮೇಲೆ ಸಮಿತಿಯವರ ಹೆಸರುಗಳಿವೆ. ಭಂವರಿಯಂಥವರ ಪಾಲಿಗೆ ಉಳಿದದ್ದೇನು ಎಂದು ಕೇಳುವ ಹಕ್ಕು ಆಡೂರಿನವರಿಗೆ ಇದೆ.

ಹಾನಗಲ್ಲು ಅರೆಮಲೆನಾಡು. ಭತ್ತದ ನಾಟಿ, ಗೋವಿನಜೋಳದ ಕಳೆ, ಹತ್ತಿ ಬಿಡಿಸುವುದು ಬಹುಪಾಲು ಹೆಂಗಸರ ಕೆಲಸವೇ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಗೆ ದೇಶದಲ್ಲೆಲ್ಲ ಹೆಸರು, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಆ ಕಾಯಿಯ ತುಂಬು ಬಿಡಿಸುವವರು ಘಾಟಿನ ನಡುವೆ ಕೂತು ಕಿಲೋ ಲೆಕ್ಕದಲ್ಲಿ ದುಡಿಯುವ ಹೆಂಗಸರು. ರಾಣೆಬೆನ್ನೂರು, ಹಿರೇಕೆರೂರು ಕಡೆ ಬೀಜೋತ್ಪಾದನೆ ಇದೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕತರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಅಂಥ ತಳಿಗಳ ಬೀಜ ಬೇಕೆಂದರೆ ಹೂವು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. 'ಕ್ರಾಸಿಂಗ್' ಎಂದು ಊರಿನವರು ಕರೆಯುವ ಈ ಕೆಲಸ ನಿಂತಿರುವುದು ಹೆಂಗಸರ, ಹುಡುಗಿಯರ ಬೆರಳುಗಳ ಮೇಲೆ.

ಇಲ್ಲಿ ಮಾಲೀಕ ಯಾರು? ಬೀಜ ಕಂಪನಿಯದು ಒಪ್ಪಂದ, ನಡುವೆ ಏಜೆಂಟ, ಹೊಲ ರೈತನದು, ಆಳುಗಳನ್ನು ಕರೆತರುವವನು ಮೇಸ್ತ್ರಿ. ಹೊಲದಲ್ಲಿ ಏನಾದರೂ ನಡೆದರೆ ಇವರಲ್ಲಿ ಯಾರು ಹೊಣೆ ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಬಲ್ಲರು. ಕಾಯ್ದೆ ಈ ಜಾಣತನಕ್ಕೆ ಅವಕಾಶ ಕೊಟ್ಟಿಲ್ಲ. ಕೆಲಸದ ಸ್ಥಳದ ಆಡಳಿತ, ಮೇಲುಸ್ತುವಾರಿ, ಹತೋಟಿ ಯಾರ ಕೈಯಲ್ಲಿದೆಯೋ ಅವರು ಮಾಲೀಕರು ಎಂದು ಅದು ಹೇಳುತ್ತದೆ. ಸಾಲಿನ ಹಿಂದೆ ನಿಂತು 'ಬೇಗ ಬೇಗ' ಎನ್ನುವವನ ಕೈಯಲ್ಲಿ ಹತೋಟಿ ಇದೆಯಲ್ಲವೆ? ಹಾಗಾದರೆ ಹೊಣೆಯೂ ಅವನದೇ.

ಇನ್ನೊಂದು ತೊಡಕು ನಿಜವಾದದ್ದು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಮಾಲೀಕನೇ ಆಂತರಿಕ ಸಮಿತಿ ಮಾಡಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕಾರ್ಖಾನೆಗೆ ಈ ಲೆಕ್ಕ ಸರಿ. ನಾಟಿಯ ದಿನ ಒಂದು ಗದ್ದೆಯಲ್ಲಿ ಇಪ್ಪತ್ತು ಹೆಂಗಸರಿರುತ್ತಾರೆ, ಮರುದಿನ ಅವರೇ ಇನ್ನೊಬ್ಬರ ಗದ್ದೆಯಲ್ಲಿ. ಆ ಒಂದು ದಿನಕ್ಕೆ ಯಾವ ರೈತ ಸಮಿತಿ ಮಾಡುತ್ತಾನೆ? ಹತ್ತಕ್ಕಿಂತ ಹೆಚ್ಚು ಜನ ಇದ್ದರು, ಆದ್ದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಸ್ಥಳೀಯ ಸಮಿತಿ ದೂರನ್ನು ಹಿಂದೆ ಕಳಿಸಿದರೆ ಆ ಹೆಣ್ಣಿಗೆ ಎಲ್ಲಿಯೂ ಜಾಗವಿಲ್ಲ. ನನ್ನ ಓದಿನಲ್ಲಿ ಇದಕ್ಕೆ ಪರಿಹಾರ ಸರಳ. ಹೊಲದಲ್ಲಿ ದೂರು ಬರುವುದು ಸಾಮಾನ್ಯವಾಗಿ ಜಮೀನಿನ ಒಡೆಯನ ಮೇಲೆ ಅಥವಾ ಮೇಸ್ತ್ರಿಯ ಮೇಲೆ. ಹತೋಟಿಯುಳ್ಳ ಇಬ್ಬರೂ ಮಾಲೀಕರು ಎಂದಾದ ಮೇಲೆ ದೂರು ಮಾಲೀಕನ ಮೇಲಿನದ್ದು, ತಲೆ ಎಣಿಸುವ ಅಗತ್ಯವೇ ಇಲ್ಲ. ಅನುಮಾನವಿದ್ದಲ್ಲಿ ದುಡಿಯುವವಳ ಪರವಾಗಿ ಓದಬೇಕಾದ ಕಾಯ್ದೆ ಇದು.

ಸ್ಥಳೀಯ ಸಮಿತಿ ಜಿಲ್ಲಾ ಮಟ್ಟದ್ದು. ಮಹಿಳೆಯರ ಪರ ಕೆಲಸ ಮಾಡಿದ ಹೆಸರಾಂತ ಹೆಣ್ಣುಮಗಳೊಬ್ಬಳು ಅದರ ಅಧ್ಯಕ್ಷೆ. ತಾಲ್ಲೂಕಿನಲ್ಲೋ ಪಟ್ಟಣದಲ್ಲೋ ದುಡಿಯುವ ಮಹಿಳೆಯೊಬ್ಬಳು ಸದಸ್ಯೆಯಾಗಿರಬೇಕು. ಸ್ವಯಂಸೇವಾ ಸಂಸ್ಥೆಯವರು ಇರಬೇಕು, ಅವರಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯದ ಹೆಣ್ಣೊಬ್ಬಳು ಇರಲೇಬೇಕು. ಯೋಚಿಸಿ ಮಾಡಿದ ರಚನೆ. ಆದರೆ ಹಾವೇರಿಗೆ ಹೋಗಿಬರುವುದು ಎಂದರೇನು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಖರ್ಚಿಲ್ಲ, ನಿಜ. ಹೋಗುವುದು ಒಂದು ದಿನದ ಕೂಲಿ. ಅದರ ಜೊತೆಗೆ, 'ಇವತ್ತು ಯಾಕೆ ಬರಲಿಲ್ಲ, ಹಾವೇರಿಯಲ್ಲಿ ಏನಿತ್ತು' ಎಂಬ ಪ್ರಶ್ನೆಗೆ ಊರಿನಲ್ಲಿ ಕೊಡಬೇಕಾದ ಉತ್ತರ. ಒಂದು ಸಲ ಹೋದರೆ ಮುಗಿಯುವುದಿಲ್ಲ, ಹೇಳಿಕೆಗೆ ಮತ್ತೆ, ಸಾಕ್ಷಿಗೆ ಮತ್ತೆ.

ಶಾಸನ ಮಾಡಿದವರು ಇದನ್ನು ಊಹಿಸಿದ್ದರು. ಅದಕ್ಕೇ ಆರನೆಯ ಕಲಮಿನಲ್ಲಿ, ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿಯನ್ನು ಗೊತ್ತುಮಾಡಬೇಕು, ಅವರು ದೂರನ್ನು ತೆಗೆದುಕೊಂಡು ಏಳು ದಿನದೊಳಗೆ ಸ್ಥಳೀಯ ಸಮಿತಿಗೆ ಕಳಿಸಬೇಕು ಎಂದು ಬರೆದಿದ್ದಾರೆ. ಇಡೀ ಕಾಯ್ದೆಯಲ್ಲಿ ಹಳ್ಳಿಗೆ ಅತಿ ಮುಖ್ಯವಾದದ್ದು ಈ ಕಲಮು, ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದೂ ಇದೇ. ಕಾಯ್ದೆ ಬಂದು ಹತ್ತು ವರ್ಷವಾಗುತ್ತಾ ಬಂದರೂ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು 2023ರ ಮೇ 12ರಂದು ಸುಪ್ರೀಂ ಕೋರ್ಟು ಬೇಸರಪಟ್ಟಿತು. ಆ ಪೀಠದಲ್ಲಿದ್ದವರು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಮತ್ತು ಹಿಮಾ ಕೊಹ್ಲಿ. 2024ರ ಡಿಸೆಂಬರ್ 3ರಂದು ಅದೇ ಪ್ರಕರಣದಲ್ಲಿ ಬಿ.ವಿ. ನಾಗರತ್ನ ಮತ್ತು ಎನ್. ಕೋಟೀಶ್ವರ ಸಿಂಗ್ ಅವರ ಪೀಠ ದಿನಾಂಕ ಹಾಕಿಯೇ ಆದೇಶ ಕೊಟ್ಟಿತು: ಡಿಸೆಂಬರ್ 31ರೊಳಗೆ ಎಲ್ಲ ಜಿಲ್ಲೆಗಳಲ್ಲಿ ಈ ಕಾಯ್ದೆಯಡಿಯ 'ಜಿಲ್ಲಾ ಅಧಿಕಾರಿ'ಯ ನೇಮಕ, 2025ರ ಜನವರಿ 31ರೊಳಗೆ ಸ್ಥಳೀಯ ಸಮಿತಿ, ತಾಲ್ಲೂಕುಗಳಲ್ಲಿ ನೋಡಲ್ ಅಧಿಕಾರಿಗಳು. 2013ರ ಕಾಯ್ದೆಯ ಮೊದಲ ಪುಟಗಳಲ್ಲಿರುವ ಕೆಲಸಕ್ಕೆ 2024ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಗಡುವು ಹಾಕಬೇಕಾಯಿತು.

ಇನ್ನು ವೇಳೆಯ ಮಾತು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನೌಕರಿಯಲ್ಲಿರುವವರಿಗೆ ಇದು ಸಾಕಾಗಬಹುದು. ಒಂದು ಹಂಗಾಮು ಪೂರ್ತಿ ಒಬ್ಬನ ಹೊಲವನ್ನೇ ನಂಬಿದವಳು ಸುಗ್ಗಿ ಮುಗಿದು ಲೆಕ್ಕ ಚುಕ್ತಾ ಆಗುವವರೆಗೆ ಬಾಯಿ ಬಿಡಲಾರಳು. ಅಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ. ಕೂಲಿ ಬಾಕಿ ಇತ್ತು ಎಂಬುದೇ ತಕ್ಕ ಕಾರಣ ಎಂದು ಸಮಿತಿಗಳು ಒಪ್ಪಿಕೊಳ್ಳಬೇಕು. ಬರೆಯಲು ಬರುವುದಿಲ್ಲ ಎಂಬುದು ಅಡ್ಡಿಯಾಗಬಾರದು. ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯ ಎಂದು ಕಾಯ್ದೆಯೇ ಹೇಳಿದೆ. ವಿಚಾರಣೆ ತೊಂಬತ್ತು ದಿನದಲ್ಲಿ ಮುಗಿಯಬೇಕು.

ಪರಿಹಾರದ ಭಾಗ ಓದಿದರೆ ಮಾತ್ರ ಕಚೇರಿಯ ಮೇಜು ಕುರ್ಚಿ ಕಾಣುತ್ತವೆ. ವಿಚಾರಣೆ ನಡೆಯುವಾಗ ದೂರುದಾರಳನ್ನು ಅಥವಾ ಆರೋಪಿಯನ್ನು ವರ್ಗ ಮಾಡಬಹುದು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ದಿನಗೂಲಿಯವಳಿಗೆ ರಜೆ ಎಂದರೆ ಒಲೆ ಉರಿಯದ ದಿನ. ಕರ್ನಾಟಕ ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಯ ನೀತಿ ತಂದಾಗಲೂ ಹೀಗೇ ಆಯಿತು: ಹಾಜರಿ ಪುಸ್ತಕ ಇರುವಲ್ಲಿಗೆ ಅದು ಮುಟ್ಟಿತು, ಹೊಲಕ್ಕೆ ಮುಟ್ಟಲಿಲ್ಲ. ಆದರೂ ಒಂದು ಕಡೆ ಕಾಯ್ದೆ ನಮ್ಮ ನೆಲದ ಭಾಷೆಯನ್ನೇ ಆಡುತ್ತದೆ. ಪರಿಹಾರದ ಹಣವನ್ನು ಆರೋಪಿಯ ಸಂಬಳದಿಂದ ಮುರಿಯಲು ಆಗದಿದ್ದರೆ, ಅವನೂ ತಾನಾಗಿ ಕಟ್ಟದಿದ್ದರೆ, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಪಹಣಿಯಲ್ಲಿ ಹೆಸರಿರುವವನಿಗೆ ಇದರ ತೂಕ ಗೊತ್ತು.

ಊರಿನಲ್ಲಿ ಇಂಥದ್ದು ಹೊರಬಿದ್ದಾಗ ಹಿರಿಯರು ಸೇರುತ್ತಾರೆ. ಗುಡಿಯ ಕಟ್ಟೆಯ ಮೇಲೋ ಒಬ್ಬರ ಪಡಸಾಲೆಯಲ್ಲೋ ಮಾತು ನಡೆಯುತ್ತದೆ, ಸ್ವಲ್ಪ ಹಣ ಕೊಡಿಸಿ 'ಮನೆತನದ ಮರ್ಯಾದೆ' ಎಂದು ಮುಗಿಸುತ್ತಾರೆ. ಹಿರಿಯರ ಮೇಲೆ ನನಗೆ ಅಗೌರವವಿಲ್ಲ. ಹೊಲದ ಬದುವಿನ ಜಗಳ, ನೀರಿನ ಜಗಳ ಅವರು ಬಗೆಹರಿಸಿದ ಹಾಗೆ ಕೋರ್ಟು ಬಗೆಹರಿಸಲಾರದು. ಆದರೆ ಈ ವಿಷಯದಲ್ಲಿ ಕಾಯ್ದೆಯ ಮಾತು ಕಟ್ಟುನಿಟ್ಟು: ರಾಜಿ ಬೇಕೆಂದು ಹೆಣ್ಣೇ ಕೇಳಿದರೆ ಮಾತ್ರ ಸಮಿತಿಯ ಮುಂದೆ ರಾಜಿ, ಹಣದ ಆಧಾರದ ಮೇಲೆ ರಾಜಿ ಕೂಡದು. ಕಟ್ಟೆಯ ಮೇಲೆ ಹಣ ಎಣಿಸಿ ಮುಗಿಸಿದ್ದು ಕಾಯ್ದೆಯ ಲೆಕ್ಕದಲ್ಲಿ ಇತ್ಯರ್ಥವೇ ಅಲ್ಲ. ಅವಳ ದೂರು ಹಾಗೇ ಉಳಿದಿರುತ್ತದೆ.

ಆಡೂರಿನಲ್ಲಿ ಪೊಲೀಸ್ ಠಾಣೆ ಇದೆ. ಸಮಿತಿ ದೂರವಿದ್ದರೂ ಇದೊಂದು ಹತ್ತಿರದ ಬಾಗಿಲು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮಿನಲ್ಲಿ ಒಲ್ಲದ ಮುಟ್ಟುವಿಕೆ, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು ಮೂರು ವರ್ಷದವರೆಗೆ ಸಜೆಯ ಅಪರಾಧ, ಅಸಹ್ಯ ಮಾತು ಒಂದು ವರ್ಷದವರೆಗೆ. ಇಂಥ ಮಾಹಿತಿಯನ್ನು ಹೆಣ್ಣು ಬಾಯಿಮಾತಿನಲ್ಲೇ ಕೊಡಬಹುದು, ಅದನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ವಕೀಲರ ಖರ್ಚಿನ ಭಯವೂ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಆದಾಯ ಎಷ್ಟೇ ಇರಲಿ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಉಚಿತ ನೆರವು ಸಿಗುತ್ತದೆ. ಆದರೂ ಠಾಣೆಯೊಂದೇ ದಾರಿಯಾಗಬಾರದು. ಠಾಣೆ ಹತ್ತಿದಳು ಎಂಬ ಮಾತಿಗೆ ಊರಿನಲ್ಲಿರುವ ಭಾರ ಹೆಚ್ಚು. ಗುಟ್ಟು ಕಾಯಬೇಕೆಂದು ಕಾಯ್ದೆಯೇ ಕಟ್ಟಿಹಾಕಿರುವ ಸಮಿತಿ ಅದಕ್ಕಾಗಿಯೇ ಬೇಕು.

ಕಿರುಕುಳದ ಬೇರು ತಾರತಮ್ಯದಲ್ಲಿದೆ. ಒಂದೇ ಹೊಲದಲ್ಲಿ ಒಂದೇ ದಿನ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅದನ್ನು ಯಾರೂ ತಾರತಮ್ಯ ಎನ್ನುವುದಿಲ್ಲ, ರೂಢಿ ಎನ್ನುತ್ತಾರೆ. 1976ರ ಸಮಾನ ವೇತನ ಕಾಯ್ದೆ ಅದನ್ನು ನಿಷೇಧಿಸಿತು, ಈಗ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಕೆರೆಯ ಹೂಳೆತ್ತುವಾಗ ಸಮಾನಳಾದವಳು ಪಕ್ಕದ ಹೊಲಕ್ಕೆ ದಾಟಿದ ಕೂಡಲೇ ಕಡಿಮೆಯಾಗುತ್ತಾಳೆ. ಅವಳ ದುಡಿಮೆಗೆ ಕಡಿಮೆ ಬೆಲೆ ಕಟ್ಟಿದವನು ಅವಳ ಮಾತಿಗೂ ಕಡಿಮೆ ಬೆಲೆ ಕಟ್ಟುತ್ತಾನೆ.

ಓದು, ಹುದ್ದೆ ಇದ್ದವರಿಗೂ ಇದು ತಪ್ಪಿದ್ದಲ್ಲ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಸರ್ಕಾರದ ಅಪ್ಪಣೆ ಬೇಕು, ಮದುವೆಯಿಂದ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮಗಳು ಹೆಂಗಸರಿಗೆ ಮಾತ್ರ ಇದ್ದವು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತ್ತು. ರಾಯಭಾರಿ ಮಟ್ಟದ ಹೆಣ್ಣಿಗೆ ದೆಹಲಿಯ ಕೋರ್ಟಿನ ಬಾಗಿಲು ತಟ್ಟುವ ಶಕ್ತಿ ಇತ್ತು. ಅಷ್ಟು ಶಕ್ತಿ ಇದ್ದವರಿಗೆ ಮಾತ್ರ ಸಮಾನತೆ ಎಂದರೆ ಅದು ಸಂವಿಧಾನದ ಮಾತಲ್ಲ.

ದೂರು ಕೊಟ್ಟವಳು ದಲಿತಳಾಗಿದ್ದರೆ ಅಪಾಯ ಇಮ್ಮಡಿ. 'ಇನ್ನು ಅವಳನ್ನು ಯಾರೂ ಕೂಲಿಗೆ ಕರೆಯಬೇಡಿ' ಎಂಬ ಒಂದು ಮಾತು ಸಾಕು. ಆ ಮಾತೇ ಅಪರಾಧ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರಲ್ಲಿ ಪರಿಶಿಷ್ಟರಿಗೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು ಮಾತ್ರವಲ್ಲ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ. ಕೂಲಿಗೆ ಕರೆಯದಿರುವುದು ಆರ್ಥಿಕ ಬಹಿಷ್ಕಾರದಲ್ಲಿ ಸೇರುತ್ತದೆ. ಪರಿಶಿಷ್ಟ ಹೆಣ್ಣನ್ನು ಅವಳ ಒಪ್ಪಿಗೆ ಇಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟುವುದೂ ಅದೇ ಕಾಯ್ದೆಯಡಿ ಬರುತ್ತದೆ. ಬೇರೆ ಜಾತಿಯ ಬಡ ಹೆಣ್ಣಿಗೆ ಈ ರಕ್ಷಣೆ ಇಲ್ಲ. ದೂರು ಕೊಟ್ಟಿದ್ದಕ್ಕೆ ಕೂಲಿ ತಪ್ಪಿಸುವುದು ಯಾರಿಗೇ ಆದರೂ ಶಿಕ್ಷಾರ್ಹವಾಗಬೇಕು. 2013ರ ಕಾಯ್ದೆಯಲ್ಲಿ ಅಂಥ ನೇರ ಮಾತು ಇಲ್ಲದಿರುವುದು ದೊಡ್ಡ ಕೊರತೆ ಎಂದೇ ನನ್ನ ನಂಬಿಕೆ.

ಎದುರು ವಾದಗಳನ್ನು ನಾನು ಕೇಳಿದ್ದೇನೆ. ಸುಳ್ಳು ದೂರು ಬರುತ್ತದೆ, ಹಳೆಯ ದ್ವೇಷ ತೀರಿಸಿಕೊಳ್ಳುತ್ತಾರೆ ಎನ್ನುತ್ತಾರೆ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಕ್ರಮ ಉಂಟು. ದೂರನ್ನು ಸಾಬೀತುಪಡಿಸಲು ಆಗಲಿಲ್ಲ ಎಂಬಷ್ಟಕ್ಕೇ ಅದು ಸುಳ್ಳಾಗುವುದಿಲ್ಲ. ಆರೋಪಿಯ ಹಕ್ಕನ್ನೂ ಕಾನೂನು ಬಿಟ್ಟುಕೊಟ್ಟಿಲ್ಲ. ಮೇಲೆ ಹೇಳಿದ 2023ರ ತೀರ್ಪು ಬಂದದ್ದೇ ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಮೇಲ್ಮನವಿಯಲ್ಲಿ. ಸಮಿತಿ ತರಾತುರಿ ಮಾಡಿ ಅವರಿಗೆ ಸರಿಯಾದ ಅವಕಾಶ ಕೊಡಲಿಲ್ಲ ಎಂದು ಶಿಕ್ಷೆಯನ್ನು ರದ್ದುಮಾಡಿ ಮತ್ತೆ ವಿಚಾರಣೆಗೆ ಕಳಿಸಿದ ಪೀಠವೇ, ಅದೇ ತೀರ್ಪಿನಲ್ಲಿ, ಕಾಯ್ದೆ ಸರಿಯಾಗಿ ಜಾರಿಯಾಗಲಿ ಎಂದಿತು. ಸರಿಯಾಗಿ ನಡೆಯುವ ಸಮಿತಿಯಿಂದ ನಿರಪರಾಧಿಗೂ ರಕ್ಷಣೆ. ಕಟ್ಟೆಯ ಮೇಲಿನ ಗುಸುಗುಸುವಿನಿಂದ ಯಾರಿಗೂ ಇಲ್ಲ.

ಇನ್ನೊಂದು ವಾದ, ಹೀಗಾದರೆ ಹೆಣ್ಣಾಳು ಕರೆಯುವುದನ್ನೇ ಬಿಡುತ್ತಾರೆ ಎಂಬುದು. ಯಾರು ಬಿಡುತ್ತಾರೆ? ನಾಟಿಯ ವಾರದಲ್ಲಿ ಆಳು ಸಿಗುತ್ತಿಲ್ಲ ಎಂದು ಗೋಳಾಡುವವರೇ? ಇವತ್ತು ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಮಾತಾಡಿ ಗುತ್ತಿಗೆ ಹಿಡಿಯುತ್ತಿದ್ದಾರೆ. ದರ ಮಾತಾಡುವ ಗುಂಪು ಮರ್ಯಾದೆಯ ಮಾತನ್ನೂ ಆಡಬಲ್ಲದು: ಇಂಥವನ ಮೇಲುಸ್ತುವಾರಿಯಲ್ಲಿ ನಾವು ಇಳಿಯುವುದಿಲ್ಲ ಎಂದು. ಸಾಲಿನಲ್ಲಿ ಬಗ್ಗಿ ದುಡಿಯುವಾಗ ಪಕ್ಕದವಳು ನೋಡಿರುತ್ತಾಳೆ. ಅವಳೇ ಸಾಕ್ಷಿ. ಒಬ್ಬಳ ದೂರಿಗೆ ಗುಂಪಿನ ಬೆಂಬಲ ಸಿಕ್ಕರೆ ಕೂಲಿ ತಪ್ಪಿಸುವ ಬೆದರಿಕೆ ಅರ್ಧ ಸತ್ತಂತೆ.

ಹಾನಗಲ್ಲಿನ ನೋಡಲ್ ಅಧಿಕಾರಿಯ ಹೆಸರು, ಕುಳಿತುಕೊಳ್ಳುವ ಜಾಗ, ಫೋನ್ ಸಂಖ್ಯೆ, ಜೊತೆಗೆ ಮಹಿಳಾ ಸಹಾಯವಾಣಿ 181 ಮತ್ತು ಕಾನೂನು ನೆರವಿನ 15100, ಆಡೂರಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಅಂಗನವಾಡಿಯಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಅಧಿಕಾರಿ ತಿಂಗಳಿಗೊಮ್ಮೆ ಊರಿಗೇ ಬರಬೇಕು, ಕೂಲಿ ಮುಗಿದ ಮೇಲಿನ ಹೊತ್ತಿಗೆ, ಪಿಂಚಣಿ ಮತ್ತು ಆರೋಗ್ಯದ ವಿಚಾರಣೆಯ ಜೊತೆಗೇ, ಯಾರು ಯಾಕೆ ಹೋದರು ಎಂದು ಹೊರಗಿನವರಿಗೆ ತಿಳಿಯದ ಹಾಗೆ. ಸಮಿತಿಯ ಹೇಳಿಕೆ ದಾಖಲೆಯೂ ಹಾನಗಲ್ಲಿನಲ್ಲೇ ನಡೆಯಲಿ. ಸಮಿತಿಗೆ ಬೇಕಾದ ತಾಲ್ಲೂಕಿನ ದುಡಿಯುವ ಮಹಿಳೆ ಹೊಲದಲ್ಲಿ ದುಡಿಯುವವಳೇ ಆಗಲಿ. ಕಾಯ್ದೆ ಅದನ್ನು ಬೇಡ ಎಂದಿಲ್ಲ. ಪ್ರತಿ ವರ್ಷ ಸ್ಥಳೀಯ ಸಮಿತಿ ಆ ಜಿಲ್ಲಾ ಅಧಿಕಾರಿಗೆ ವರದಿ ಕೊಡಬೇಕೆಂದು ಇಪ್ಪತ್ತೊಂದನೆಯ ಕಲಮು ಹೇಳುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹೊಲಗಳಿಂದ ಎಷ್ಟು ದೂರು ಬಂದವು, ಎಷ್ಟು ತೊಂಬತ್ತು ದಿನದಲ್ಲಿ ಮುಗಿದವು ಎಂಬ ಲೆಕ್ಕವನ್ನು, ಹೆಸರುಗಳಿಲ್ಲದೆ, ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಒಂದೂ ದೂರು ಬಂದಿಲ್ಲ ಎಂದು ವರದಿ ಹೇಳಿದರೆ, ಯಾಕೆ ಬಂದಿಲ್ಲ ಎಂದು ಅಲ್ಲಿ ಕೂತ ಹೆಂಗಸರು ಕೇಳಲಿ.